ನೆಲಜಲಗಳ ಕಾಪು ಮತ್ತು ನಮ್ಮ ಸಂಘಗಳು

ನೆಲವೂ ನೀರೂ ಯಾರೊಬ್ಬರ ಸೊತ್ತೂ ಅಲ್ಲ. ನಾವು ಉಂಡು ಮುಂದಿನವರಿಗೂ ಉಳಿಸಬೇಕು. ಈ ಮಾತನ್ನು ಒಪ್ಪದವರಿಲ್ಲ. ಆದರೆ ಉಳಿಸುವ ಬಗೆಯಲ್ಲಿ ಒಂದೊಂದು ಸಂಘದ್ದು ಒಂದೊಂದು ದಾರಿ. ಇದಕ್ಕೆ ಕಾರಣವೇನು? ನಮ್ಮ ಸೀಮೆಯ ಮೂರು ನಿದರ್ಶನಗಳನ್ನು ನೋಡೋಣ.

ತುಂಗಭದ್ರಾ ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಜೋಳ, ಹತ್ತಿಗಳಂಥ ಕಡಿಮೆ ನೀರಿನ ಬೆಳೆಗಳಿಂದ ಹೆಚ್ಚು ನೆಲ ಹಸಿರಾಗಲೆಂದು. ಆದರೆ ಮೇಲ್ಭಾಗದಲ್ಲಿ ಬತ್ತದ ಗದ್ದೆಗಳು ಹಬ್ಬಿದವು. ಅಲ್ಲಿ ಎಷ್ಟೋ ಕಡೆ ನೀರು ನಿಂತು ನೆಲ ಸವುಳಾಯಿತು. ಕೊನೆಭಾಗದ ಮಾನ್ವಿ, ಸಿರವಾರ, ರಾಯಚೂರು ಕಡೆಯ ರೈತರು ನೀರಿಗಾಗಿ ಕಾಯುವಂತಾಯಿತು. ರೈತರೇ ನೀರು ಹಂಚಿಕೊಂಡು, ಕರ ಕೂಡಿಸಿ, ಕಾಲುವೆಯನ್ನು ನೋಡಿಕೊಳ್ಳಲೆಂದು 2000ರಲ್ಲಿ ರಾಜ್ಯದ ನೀರಾವರಿ ಕಾಯಿದೆಗೆ ತಿದ್ದುಪಡಿಯಾಗಿ, ನೀರು ಬಳಕೆದಾರರ ಸಹಕಾರ ಸಂಘಗಳು ಹುಟ್ಟಿದವು. ಇವುಗಳದು ಲೆಕ್ಕದ ದಾರಿ: ಪಾಲು, ಸರದಿ, ಕರ. ಆದರೆ ಅಚ್ಚುಕಟ್ಟಿನಲ್ಲಿ ಹೊಲವುಳ್ಳವರಿಗಷ್ಟೇ ಇಲ್ಲಿ ಸ್ಥಾನ.

ಹೊಲವಿಲ್ಲದವರ ಪಾಡೇನು? ಮಾನ್ವಿ ಸೀಮೆಯ ಪೋತ್ನಾಳದಲ್ಲಿ ದಲಿತ ಕೂಲಿಕಾರ ಹೆಂಗಸರು ಕಟ್ಟಿಕೊಂಡ ಜಾಗೃತ ಮಹಿಳಾ ಸಂಘಟನೆಯು ಇದಕ್ಕೆ ಉತ್ತರವಾಗಿದೆ. ಕೂಲಿಯ ಹಕ್ಕು, ಮಾನದ ಬದುಕುಗಳಿಗಾಗಿ ಹೋರಾಡುತ್ತಲೇ ಅವರು ಬೇವಿನ ಗೊಬ್ಬರ, ಗಿಡಮೂಲಿಕೆಯ ಔಷಧ, ಸುಟ್ಟ ಮಣ್ಣಿನ ಆಭರಣಗಳ ಕಸುಬನ್ನು ಕೈಗೊಂಡರು. ಅವರ ಪಾಲಿಗೆ ಮಣ್ಣಿನ ಆರೈಕೆ ಬೇರೆಯಲ್ಲ, ನ್ಯಾಯ ಬೇರೆಯಲ್ಲ.

ಮೂರನೆಯದು ಭಕ್ತಿಯ ದಾರಿ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ತಾವೇ ಹಿರೇಹಳ್ಳಕ್ಕೆ ಇಳಿದರು. ಸುತ್ತಲಿನ ಹಳ್ಳಿಗಳವರು ಕೂಡಿಬಂದು, 20 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹೂಳು, ಜಾಲಿಗಳನ್ನು ತೆಗೆದರು. ಸುತ್ತೋಲೆಯಿಂದ ಆಗದ ಕೆಲಸ ಗುರುವಿನ ಒಂದು ಕರೆಯಿಂದಾಯಿತು. ಆದರೆ ಒಮ್ಮೆ ತೆಗೆದ ಹೂಳು ಮಳೆಯೊಡನೆ ಮತ್ತೆ ಬರುವುದು. ವರ್ಷವರ್ಷದ ಕಾವಲಿಗೆ ಉತ್ಸಾಹವೊಂದೇ ಸಾಲದು.

ಹೀಗೆ ಪ್ರತಿಯೊಂದು ಸಂಘವೂ ತನ್ನ ಕೈಯಲ್ಲಿರುವುದರಿಂದಲೇ ಹೊರಡುತ್ತದೆ: ಒಂದಕ್ಕೆ ನೀರಿನ ಪಾಲು, ಒಂದಕ್ಕೆ ದುಡಿಮೆ, ಒಂದಕ್ಕೆ ನಂಬಿಕೆ. ಆದುದರಿಂದ ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕುವುದು ಸಲ್ಲದು. ಆದರೆ ಒಂದರ ಕೊರತೆಯನ್ನು ಮತ್ತೊಂದು ತುಂಬಬೇಕಾದರೆ ಅವು ಒಂದೆಡೆ ಕೂಡಬೇಕು. ಹೊಲವಿರಲಿ, ಇಲ್ಲದಿರಲಿ, ಮತವುಳ್ಳ ಪ್ರತಿಯೊಬ್ಬರಿಗೂ ಮಾತಿನ ಹಕ್ಕಿರುವ ಗ್ರಾಮಸಭೆಯೇ ಅದಕ್ಕೆ ತಕ್ಕ ಜಾಗ.

ಮಿತ್ರರೆ, ಮಳೆಯೂ ಕಾಲುವೆಯೂ ಕೈಕೊಟ್ಟ ವರ್ಷ ನಮ್ಮ ಸೀಮೆಯ ಹಳ್ಳಿಗಳಿಂದ ಜನ ಗುಳೆ ಹೊರಡುತ್ತಾರೆ. ಮನೆತನದಲ್ಲಿ ಮೊದಲಿಗರಾಗಿ ಪದವಿ ಪಡೆಯುವ ನಮ್ಮಂಥವರು ಆ ಸಭೆಯಲ್ಲಿ ಕುಳಿತು ನೀರಿನ ಲೆಕ್ಕವನ್ನು ಎಲ್ಲರಿಗೂ ಕೇಳುವಂತೆ ಓದಿ ಹೇಳಿದರೂ ಸಾಕು. ಕಲಿತ ಅಕ್ಷರ ಊರಿಗೆ ಸಂದಂತಾಗುವುದು.