ಯಾರನ್ನೂ ಕರೆಯದೆ ಒಂದು ಗುಟುಕು ನೀರು

ಪಾರ್ಶ್ವವಾಯುವಿನಿಂದ ಕೈ ಸ್ವಾಧೀನ ತಪ್ಪಿದವರು, ಬೆನ್ನುಹುರಿಗೆ ಪೆಟ್ಟಾಗಿ ಹಾಸಿಗೆ ಹಿಡಿದವರು ಪ್ರತಿ ಗುಟುಕು ನೀರಿಗೂ ಮನೆಯವರನ್ನು ಕರೆಯಬೇಕು. ಸೊಸೆ ಅಡುಗೆಮನೆಯಲ್ಲಿದ್ದಾಳೆ, ಯಾಕೆ ತೊಂದರೆ ಕೊಡುವುದು ಎಂದು ಬಾಯಾರಿಕೆ ತಡೆದುಕೊಳ್ಳುವ ಹಿರಿಯರಿದ್ದಾರೆ. ನೀರು ಕಡಿಮೆಯಾದರೆ ಮಲಬದ್ಧತೆ, ಮೂತ್ರದ ಸೋಂಕು ಬೇರೆ.

ಬಗ್ಗುವ ಸ್ಟ್ರಾ ಬರೀ ಮಕ್ಕಳ ಮೋಜಿನದಲ್ಲ. ಅಮೆರಿಕದ ಜೋಸೆಫ್ ಫ್ರೀಡ್‌ಮನ್ 1937ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. 1947ರಲ್ಲಿ ಅದು ಮೊದಲು ಮಾರಾಟವಾದದ್ದು ಆಸ್ಪತ್ರೆಗೆ. ನಮ್ಮಲ್ಲಿ 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾಗಿದೆ. ಕಾಗದದ್ದು ಬೇಗ ಮೆತ್ತಗಾಗುತ್ತದೆ. ಸ್ಟೀಲಿನದು ತಲೆ ನಡುಗುವವರ ಬಾಯಿಗೆ ಚುಚ್ಚೀತು.

ಆಹಾರಕ್ಕೆ ಬಳಸುವ ಗುಣಮಟ್ಟದ ಸಿಲಿಕೋನ್ ಕೊಳವೆ ಇದ್ದರೆ ಮನೆಯಲ್ಲೇ ಉಪಾಯ ಮಾಡಬಹುದು. ಬಾಟಲಿಯ ಮುಚ್ಚಳಕ್ಕೆ ಎರಡು ತೂತು ಕೊರೆಯಿರಿ. ಒಂದರಿಂದ ಕೊಳವೆ ತಳದವರೆಗೆ ಇಳಿಯಲಿ. ಇನ್ನೊಂದು ಸಣ್ಣ ತೂತು ಗಾಳಿಗೆ. ಅದಿಲ್ಲದಿದ್ದರೆ ಹೀರಿ ಹೀರಿ ಸುಸ್ತಾಗಬೇಕಷ್ಟೆ. ಕೊಳವೆಯ ತುದಿಯನ್ನು ತುಟಿಗೆ ಸಿಗುವಂತೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿ. ಬಾಟಲಿ ಮಾತ್ರ ಬಾಯಿಗಿಂತ ಕೆಳಗಿರಬೇಕು. ಮೇಲಿದ್ದರೆ ಒಮ್ಮೆ ಹೀರಿದ ನೀರು ನಿಲ್ಲದೆ ಹರಿದು ಗಂಟಲಿಗೆ ನುಗ್ಗುತ್ತದೆ.

ಲೋಟ ಹಿಡಿಯಬಲ್ಲರು, ಆದರೆ ಕತ್ತು ಹಿಂದಕ್ಕೆ ಬಾಗದು ಎನ್ನುವವರಿಗೆ ಗಟ್ಟಿ ಪ್ಲಾಸ್ಟಿಕ್ ಲೋಟದ ಒಂದು ಅಂಚನ್ನು ಮೂಗಿಗೆ ಜಾಗವಾಗುವಷ್ಟು ಅರ್ಧಚಂದ್ರಾಕಾರವಾಗಿ ಕತ್ತರಿಸಿ, ಉಜ್ಜುಕಾಗದದಿಂದ ನುಣುಪು ಮಾಡಿ. ಎದುರಿನ ಅಂಚಿನಿಂದ ಕುಡಿದರೆ ತಲೆ ಎತ್ತಬೇಕಾಗಿಲ್ಲ.

ನೀರು ಕುಡಿಯುವಾಗ ಕೆಮ್ಮು ಬರುವವರಿಗೆ, ಸ್ವರ ಒದ್ದೆಯಾದಂತಾಗುವವರಿಗೆ ವೈದ್ಯರನ್ನು ಕೇಳದೆ ಇವು ಯಾವುವೂ ಬೇಡ. ಉಳಿದವರೂ ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂತೇ ಕುಡಿಯಲಿ. ಕೊಳವೆಯೊಳಗೆ ಹಾಲು, ಶರಬತ್ತು ಬೇಗ ಅಂಟಿಕೊಳ್ಳುತ್ತದೆ. ದಿನವೂ ಸಾಬೂನು ನೀರು, ಸಪೂರ ಬ್ರಷ್ಷಿನಿಂದ ತೊಳೆದು ಒಣಗಲು ತೂಗಿಬಿಡಿ.