‘ಹೇಗೋ ಮಾಡ್ಕೊತೀನಿ’ ಅಂದವರ ಅಂಕಪಟ್ಟಿ

ಅಕ್ಕನ ಅಡುಗೆಮನೆಯಲ್ಲಿ ಒಲೆಯ ಪಕ್ಕ ಎತ್ತರದ ಸ್ಟೂಲೊಂದಿದೆ. ಈರುಳ್ಳಿ ಹೆಚ್ಚುವಾಗ ಅದರ ಮೇಲೆ ಕೂರುತ್ತಾರೆ. ಚಾಕುವಿಗೆ ದಪ್ಪನೆಯ ಹಿಡಿ, ಡಬ್ಬಿಗಳ ಮುಚ್ಚಳ ತಿರುಗಿಸಲು ಒಂದು ರಬ್ಬರ್ ತುಂಡು. ಕಾಫಿ ಲೋಟವನ್ನು ಬೆರಳಲ್ಲಿ ಹಿಡಿಯುವುದಿಲ್ಲ, ಎರಡೂ ಅಂಗೈ ನಡುವೆ ಒತ್ತಿ ಎತ್ತುತ್ತಾರೆ. ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಎದ್ದಾಗ ಬೆರಳುಗಳು ಮಡಿಚಿಕೊಂಡೇ ಇರುತ್ತವೆ, ಬಿಡಿಸಿಕೊಳ್ಳಲು ಒಂದೊಂದು ದಿನ ಎರಡು ಗಂಟೆ ಬೇಕು.

ಹಾಸನದ ಕಡೆಯಿಂದ ಮದುವೆಯಾಗಿ ಇಂಗ್ಲೆಂಡಿಗೆ ಬಂದವರು, ಈಗ ಅಲ್ಲಿನ ಪ್ರಜೆ. ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್‌ಗೆ, ಜನರ ಬಾಯಲ್ಲಿ ‘ಪಿಪ್’ ಆಗಿರುವ ಅಂಗವೈಕಲ್ಯ ಭತ್ಯೆಗೆ, ಅರ್ಜಿ ಹಾಕಿದ್ದರು. ಫೋನಿನಲ್ಲಿ ಕೇಳಿದ್ದು ಸರಳ ಪ್ರಶ್ನೆ: ಅಡುಗೆ ನೀವೇ ಮಾಡ್ತೀರಾ? ನಮ್ಮ ಕಡೆಯ ಹೆಂಗಸು ಏನು ಹೇಳಬೇಕೋ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು: ಹೇಗೋ ಮಾಡ್ಕೊತೀನಿ. ಸ್ನಾನ? ಹೇಗೋ ಆಗುತ್ತೆ. ಬಟ್ಟೆ? ನಿಧಾನಕ್ಕೆ ಹಾಕ್ಕೊತೀನಿ. ಕೆಲವು ವಾರಗಳ ನಂತರ ಕಂದು ಲಕೋಟೆ ಬಂತು. ಬೇಕಿದ್ದದ್ದು 8 ಅಂಕ, ಸಿಕ್ಕಿದ್ದು 4. ಅರ್ಜಿ ತಿರಸ್ಕೃತ.

ನಾನು ಆ ಪತ್ರ ಓದುವಾಗ ಅಕ್ಕ ಪಕ್ಕದಲ್ಲೇ ಕೂತಿದ್ದರು. “ಇದರಲ್ಲಿರೋಳು ನಾನಲ್ಲ ಕಣೇ,” ಅಂದರು. ಅದು ಸತ್ಯ. ಪತ್ರದಲ್ಲಿದ್ದ ಹೆಂಗಸು ಅಕ್ಕನ ಒಳ್ಳೆಯ ದಿನಗಳನ್ನಷ್ಟೇ ಕೂಡಿಸಿ ಮಾಡಿದವಳು.

ಪಿಪ್ 2013ರಲ್ಲಿ ಬಂತು, 2012ರ ಕಲ್ಯಾಣ ಸುಧಾರಣಾ ಕಾಯ್ದೆಯ ಕೂಸು. ಇದು ನಿರುದ್ಯೋಗ ಭತ್ಯೆ ಎಂದು ಅನೇಕರು ತಪ್ಪು ತಿಳಿದಿದ್ದಾರೆ. ನೌಕರಿ ಇದ್ದವರಿಗೂ ಸಿಗುತ್ತದೆ, ಆದಾಯ ಎಷ್ಟೆಂದು ಕೇಳುವುದಿಲ್ಲ. ಅಂಗವೈಕಲ್ಯ ತರುವ ಹೆಚ್ಚಿನ ಖರ್ಚಿಗೆಂದೇ ಈ ಹಣ. ನಮ್ಮ ದೇಶದಲ್ಲಿ ವೈದ್ಯರು ದೇಹ ನೋಡಿ ಶೇಕಡಾವಾರು ಬರೆದುಕೊಡುತ್ತಾರೆ, 40 ದಾಟಿದರೆ 2016ರ ಕಾಯ್ದೆಯ ಹಲವು ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಬ್ರಿಟನ್ನಿನಲ್ಲಿ ರೋಗದ ಹೆಸರಿಗೆ ಅಂಕವೇ ಇಲ್ಲ. ಅಡುಗೆ, ಊಟ, ಸ್ನಾನ, ಶೌಚ, ಉಡುಪು, ಮಾತು, ಓದು ಹೀಗೆ ದೈನಂದಿನ ಬದುಕಿನ 10 ಕೆಲಸ, ಓಡಾಟದ 2 ಕೆಲಸ. ಪ್ರತಿಯೊಂದಕ್ಕೂ ಅಂಕ. ಎರಡು ಭಾಗಗಳನ್ನೂ ಬೇರೆಬೇರೆ ಲೆಕ್ಕ ಹಾಕುತ್ತಾರೆ. ಒಂದರಲ್ಲಿ 8 ಬಂದರೆ ಸಾಮಾನ್ಯ ದರ, 12 ಬಂದರೆ ಹೆಚ್ಚಿನ ದರ. 2025–26ರಲ್ಲಿ ದೈನಂದಿನ ಭಾಗದ ಸಾಮಾನ್ಯ ದರ ವಾರಕ್ಕೆ 73.90 ಪೌಂಡ್ ಇತ್ತು.

ಆದರೆ ನಿಯಮದಲ್ಲೇ ಇರುವ ಒಂದು ಮಾತು ಅರ್ಜಿದಾರರಿಗೆ ಗೊತ್ತೇ ಇರುವುದಿಲ್ಲ. ಒಂದು ಕೆಲಸ ‘ಆಗುತ್ತದೆ’ ಎನ್ನಬೇಕಾದರೆ ಅದು ಅಪಾಯವಿಲ್ಲದೆ, ಒಪ್ಪುವ ಮಟ್ಟದಲ್ಲಿ, ಬೇಕಾದಷ್ಟು ಸಲ, ಸಮಂಜಸವಾದ ಹೊತ್ತಿನೊಳಗೆ ಆಗಬೇಕು. ಬೇರೆಯವರಿಗೆ ಹಿಡಿಯುವುದರ ಎರಡು ಪಟ್ಟಿಗಿಂತ ಹೆಚ್ಚು ಹೊತ್ತು ಹಿಡಿದರೆ ಅದು ಆಗದ ಲೆಕ್ಕ. ತೊಂದರೆ ಅರ್ಧಕ್ಕಿಂತ ಹೆಚ್ಚು ದಿನ ಇರಬೇಕು ಎಂಬುದೂ ನಿಯಮವೇ. ‘ಹೇಗೋ’ ಎಂಬ ನಮ್ಮ ಒಂದು ಮಾತಿನೊಳಗೆ ಇದೆಲ್ಲ ಹೂತುಹೋಗುತ್ತದೆ. ನೋವನ್ನು ಹೊರಗೆ ಹೇಳಿಕೊಂಡರೆ ಮರ್ಯಾದೆ ಹೋಯಿತು ಎಂದು ಬೆಳೆದವರು ನಾವು. ಪರರ ಮುಂದೆ ‘ಚೆನ್ನಾಗಿದ್ದೀನಿ’ ಎನ್ನುವುದು ಸಂಸ್ಕಾರ. ಆ ಸಂಸ್ಕಾರವೇ ಅಕ್ಕನ ಅಂಕ ಕಳೆಯಿತು.

ತಿರಸ್ಕಾರ ಬಂದ ಮೇಲೆ ಮೊದಲ ಹೆಜ್ಜೆ ಕಡ್ಡಾಯ ಮರುಪರಿಶೀಲನೆ, ಅದನ್ನು ಒಂದು ತಿಂಗಳೊಳಗೆ ಕೇಳಬೇಕು. ಹೆಚ್ಚಿನವರಿಗೆ ಅಲ್ಲಿ ಏನೂ ಬದಲಾಗುವುದಿಲ್ಲ. ಬಹಳ ಮಂದಿ ಅಲ್ಲಿಗೇ ಕೈಚೆಲ್ಲುತ್ತಾರೆ. ನನಗೆ ಸಂಕಟವಾಗುವುದು ಅದಕ್ಕೇ. ಮುಂದಿರುವ ನ್ಯಾಯಮಂಡಳಿಗೆ ಶುಲ್ಕವಿಲ್ಲ, ಅಲ್ಲಿ ಒಬ್ಬ ನ್ಯಾಯಾಧೀಶರು, ಒಬ್ಬ ವೈದ್ಯರು, ಅಂಗವೈಕಲ್ಯದ ಅನುಭವವಿರುವ ಒಬ್ಬರು ಕೂತು ಕೇಳುತ್ತಾರೆ. ವಿಚಾರಣೆಯವರೆಗೆ ಹೋದ ಪಿಪ್ ಪ್ರಕರಣಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಅರ್ಜಿದಾರರ ಪರವಾಗುತ್ತವೆ.

ಅಕ್ಕನಿಗೆ ನಾನು ಕೊಟ್ಟದ್ದು ಒಂದು ನೋಟ್‌ಬುಕ್ ಅಷ್ಟೇ. ದಿನಾ ಬರೀರಿ ಅಂದೆ. ಕೈ ಓಡದ ದಿನ ಭಾವ ಬರೆದರು. ‘ಹಾಲಿನ ಪಾತ್ರೆ ಜಾರಿತು.’ ‘ಕುಪ್ಪಸದ ಹುಕ್ಕು ಬಿಟ್ಟೆ, ಮೇಲೆ ಸ್ವೆಟರ್ ಹಾಕಿದೆ.’ ‘ಸ್ನಾನ ಮಾಡಲಿಲ್ಲ.’ ಈ ಕೊನೆಯ ಸಾಲು ಬರೆಯಲು ಅವರಿಗೆ ಮೂರು ವಾರ ಬೇಕಾಯಿತು.

ಇದೆಲ್ಲ ನಡೆಯುತ್ತಿದ್ದಾಗಲೇ, 2025ರ ಮಾರ್ಚ್ 18ರಂದು, ಆಗಿನ ಸಚಿವೆ ಲಿಜ್ ಕೆಂಡಾಲ್ ಸುಧಾರಣೆಯ ಪ್ರಸ್ತಾವವನ್ನು ಸಂಸತ್ತಿನ ಮುಂದಿಟ್ಟರು. ವರ್ಷಕ್ಕೆ ಸುಮಾರು 500 ಕೋಟಿ ಪೌಂಡ್ ಉಳಿತಾಯದ ಗುರಿ. ಅದರ ಹೃದಯದಲ್ಲಿದ್ದದ್ದು ಒಂದು ಹೊಸ ಷರತ್ತು: 2026ರ ನವೆಂಬರಿನಿಂದ, ದೈನಂದಿನ ಭಾಗದಲ್ಲಿ ಒಟ್ಟು 8 ಬಂದರೆ ಸಾಲದು, ಯಾವುದಾದರೂ ಒಂದೇ ಕೆಲಸದಲ್ಲಿ 4 ಬರಲೇಬೇಕು.

ಈ ಷರತ್ತಿನ ಅರ್ಥ ಸ್ನಾನದ ಮನೆಯಲ್ಲಿ ತಿಳಿಯುತ್ತದೆ. ಸೊಂಟದ ಕೆಳಗೆ ತೊಳೆಯಲು ಇನ್ನೊಬ್ಬರ ಕೈ ಬೇಕಾದರೆ 2 ಅಂಕ, ಭುಜದಿಂದ ಸೊಂಟದವರೆಗೆ ಬೇಕಾದರೆ 4. ಮೊದಲನೆಯ ಸ್ಥಿತಿ ಕಡಿಮೆ ಕಷ್ಟದ್ದು ಎಂದು ಯಾರು ಹೇಳಬಲ್ಲರು? ಎಲ್ಲ ಕಡೆ ಎರಡೆರಡು ಅಂಕ ಪಡೆಯುವವರು, ಅಂದರೆ ಬದುಕಿನ ಪ್ರತಿ ಕೆಲಸದಲ್ಲೂ ಸ್ವಲ್ಪ ಸ್ವಲ್ಪ ಸೋಲುತ್ತ ಹೇಗೋ ನಿಭಾಯಿಸುವವರೇ ಹೊರಗುಳಿಯುತ್ತಿದ್ದರು.

ಪ್ರಸ್ತಾವ ಮಸೂದೆಯಾಗಿ ಬಂದಾಗ ಆಡಳಿತ ಪಕ್ಷದ 120ಕ್ಕೂ ಹೆಚ್ಚು ಸಂಸದರು ತಿರುಗಿಬಿದ್ದರು. ಜುಲೈ 1ರಂದು ಚರ್ಚೆ ನಡೆಯುತ್ತಿರುವಾಗಲೇ ಸಚಿವ ಸ್ಟೀಫನ್ ಟಿಮ್ಸ್ ಎದ್ದುನಿಂತು, ಪಿಪ್‌ನ ಬದಲಾವಣೆಯನ್ನು ಮಸೂದೆಯಿಂದ ತೆಗೆಯುವುದಾಗಿ ಹೇಳಿದರು. ಅವರದೇ ನೇತೃತ್ವದ ಪರಿಶೀಲನೆಗೆ ಈಗ ವಿಷಯ ಹೋಗಿದೆ. ಅಂಗವಿಕಲರನ್ನೂ ಕೂರಿಸಿಕೊಂಡು ಮಾಡುವ ಈ ಕೆಲಸದ ವರದಿಗೆ 2026ರ ಶರತ್ಕಾಲದ ಗಡುವು. ಉಳಿದ ಮಸೂದೆ ಕಾನೂನಾಯಿತು. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಅನಾರೋಗ್ಯಕ್ಕೆಂದು ಸಿಗುತ್ತಿದ್ದ ವಾರದ ಸುಮಾರು 97 ಪೌಂಡ್, 2026ರ ಏಪ್ರಿಲ್‌ನಿಂದ ಹೊಸ ಅರ್ಜಿದಾರರಿಗೆ 50. ವಾಸಿಯಾಗದ ತೀವ್ರ ಸ್ಥಿತಿಯವರಿಗೆ, ಸಾವಿನ ಅಂಚಿನಲ್ಲಿರುವವರಿಗೆ ವಿನಾಯಿತಿ ಇದೆ. ಮಾರ್ಚಿನಲ್ಲಿ ಕಾಯಿಲೆ ಬಿದ್ದವನಿಗೂ ಮೇ ತಿಂಗಳಲ್ಲಿ ಬಿದ್ದವನಿಗೂ ಬಾಡಿಗೆ ಒಂದೇ ಎಂಬುದನ್ನು ಈ ಲೆಕ್ಕ ನೋಡಿಲ್ಲ.

ಕೆಲಸದ ವೀಸಾದ ಮೇಲೆ ಬಂದಿರುವ ನಮ್ಮ ಹುಡುಗ ಹುಡುಗಿಯರಿಗಂತೂ ಈ ಚರ್ಚೆಯೇ ಅನ್ವಯಿಸದು. ಸಾರ್ವಜನಿಕ ನಿಧಿಗೆ ಹಕ್ಕಿಲ್ಲವೆಂದು ವೀಸಾದ ಷರತ್ತೇ ಹೇಳುತ್ತದೆ.

ಅಕ್ಕನ ವಿಚಾರಣೆಯಲ್ಲಿ ವೈದ್ಯರು ಕೇಳಿದ್ದು, “ನಿನ್ನೆ ಬೆಳಿಗ್ಗೆ ಏನಾಯಿತು, ಎದ್ದಾಗಿನಿಂದ ಹೇಳಿ” ಎಂದು. ಅಕ್ಕ ನೋಟ್‌ಬುಕ್ ತೆರೆದು ಓದಿದರು, ನಡುವೆ ಎರಡು ಸಲ ನಿಂತರು. ಅಡುಗೆಗೆ 2, ಸ್ನಾನಕ್ಕೆ 2, ಶೌಚಕ್ಕೆ 2, ಉಡುಪಿಗೆ 2. ಒಟ್ಟು 8. ಸರಿಯಾಗಿ ಎಂಟು, ಎಲ್ಲಿಯೂ ನಾಲ್ಕಿಲ್ಲ.

ಹಾಗಾಗಿ ಶರತ್ಕಾಲದ ವರದಿಯನ್ನು ಆ ಮನೆ ಕಾಯುತ್ತಿದೆ. ನೋಟ್‌ಬುಕ್ ಎರಡನೆಯದಾಗಿದೆ. ಕಳೆದ ವಾರ ಹೋದಾಗ ಮೇಜಿನ ಮೇಲೆ ತೆರೆದೇ ಇತ್ತು. ಆ ದಿನದ ಸಾಲು ಅಕ್ಕನದೇ ಅಕ್ಷರ, ವಾಲಿಕೊಂಡು ಗೆರೆ ದಾಟಿತ್ತು: ‘ಬೆಳಿಗ್ಗೆ ಆರೂವರೆ. ಬೆರಳು ಬಿಡಲಿಲ್ಲ. ಅವರು ತಲೆ ಬಾಚಿದರು.’