ಮುದ್ದೆಯಾಗಲೆಂದೇ ಕಟ್ಟಿದ ಮೂತಿ

1939ರಲ್ಲಿ ಬೇಲಾ ಬರೇನಿ ಎಂಬ ಎಂಜಿನಿಯರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಗೆ ಕೆಲಸ ಕೇಳಿಕೊಂಡು ಹೋದರು. ಮೊದಲ ಸಲ ಬರಿಗೈಯಲ್ಲಿ ವಾಪಸು. ಮತ್ತೊಮ್ಮೆ ಹೋದಾಗ, ಹಿರಿಯ ಅಧಿಕಾರಿ ವಿಲ್ಹೆಲ್ಮ್ ಹಾಸ್ಪೆಲ್ ಎದುರು ಕೂತು, ನೀವು ಕಟ್ಟುತ್ತಿರುವ ಕಾರುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ತಪ್ಪು ಎಂದು ಒಂದೊಂದಾಗಿ ಹೇಳಿದರಂತೆ. ಕೆಲಸ ಕೇಳಲು ಹೋದವರು ಆಡುವ ಮಾತೇ ಇದು? ಹಾಸ್ಪೆಲ್ ಬರೇನಿಯವರನ್ನು ಕೆಲಸಕ್ಕೆ ಸೇರಿಸಿಕೊಂಡರು.

ಕಾರು ಗಟ್ಟಿಯಾದಷ್ಟೂ ಒಳಗಿದ್ದವರು ಕ್ಷೇಮ ಎಂಬುದು ಆ ಕಾಲದ ನಂಬಿಕೆ. ಬರೇನಿಗೆ ಅದು ಒಪ್ಪಿಗೆಯಾಗಲಿಲ್ಲ. ಗಂಟೆಗೆ 50 ಕಿ.ಮೀ. ವೇಗದ ಕಾರು ಗೋಡೆಗೆ ಗುದ್ದಿ, ಬರೀ 10 ಸೆಂ.ಮೀ. ಕುಗ್ಗಿ ನಿಂತಿತು ಅನ್ನಿ. ಕಾರಿನ ಮೇಲೆ ಬೀಳುವ ಸರಾಸರಿ ಬಲ ಅದರ ತೂಕದ ಸುಮಾರು 100 ಪಟ್ಟು. ಅದೇ ಕಾರು 50 ಸೆಂ.ಮೀ. ಕುಗ್ಗಿದರೆ 20 ಪಟ್ಟು. ಓಟದ ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು. ತಗಡು ಮಡಚುವುದರಲ್ಲಿ ಆಗದಿದ್ದರೆ ಪಕ್ಕೆಲುಬು ಮುರಿಯುವುದರಲ್ಲಿ ಆಗುತ್ತದೆ.

1951ರ ಜನವರಿಯಲ್ಲಿ ಅರ್ಜಿ ಹಾಕಿ, ಮರುವರ್ಷ ಪಡೆದ 854157ನೇ ಪೇಟೆಂಟಿನ ತಿರುಳು ಇಷ್ಟೆ: ಜನ ಕೂರುವ ನಡುಭಾಗ ಗಟ್ಟಿ ಪಂಜರವಾಗಿರಲಿ, ಮೂತಿ ಮತ್ತು ಬಾಲ ಬೇಕೆಂದೇ ಮೆತ್ತಗಿರಲಿ. ಅದಕ್ಕೆ ಅವರು ಹೂಡಿದ ಉಪಾಯ ಸರಳ. ಉದ್ದುದ್ದ ಓಡುವ ಉಕ್ಕಿನ ತೊಲೆಗಳನ್ನು ನಡುವೆ ನೆಟ್ಟಗೆ ಬಿಟ್ಟು, ಎರಡೂ ತುದಿಗಳಲ್ಲಿ ಬಾಗಿಸಿದರು. ಗುದ್ದು ಬಿದ್ದಾಗ ಮೊದಲು ಮಡಚುವುದು ಬಾಗಿದ ಕಡೆಯೇ.

ಈ ಉಪಾಯ ರಸ್ತೆಗಿಳಿಯಲು 1959 ಬರಬೇಕಾಯಿತು. ಅದನ್ನು ಹೊತ್ತು ಬಂದ, ಡೈಮ್ಲರ್-ಬೆಂಜ್ ಕಂಪನಿಯ ಮರ್ಸಿಡಿಸ್ ಡಬ್ಲ್ಯೂ 111 ಸರಣಿಯ ಸಲೂನ್ ಕಾರುಗಳಿಗೆ, ಹಿಂಬದಿಯ ಪುಟ್ಟ ರೆಕ್ಕೆಗಳಿಂದಾಗಿ, ‘ಹೆಕ್‌ಫ್ಲೋಸ್ಸೆ’ ಎಂಬ ಅಡ್ಡಹೆಸರು ಬಿತ್ತು. ಅಮೆರಿಕದ ಫ್ಯಾಷನ್ನಿನ ಆ ರೆಕ್ಕೆಗಳು ಕೆಲವೇ ವರ್ಷಗಳಲ್ಲಿ ಹಳತಾದವು. ತಗಡಿನಡಿ ಬಾಗಿ ಕೂತಿದ್ದ ತೊಲೆಗಳ ತತ್ವ ಇಂದಿನ ಕಾರುಗಳಲ್ಲೂ ಇದೆ.

ಅದೇ ವರ್ಷ ಸೆಪ್ಟೆಂಬರ್ 10ರಂದು ಜಿಂಡೆಲ್‌ಫಿಂಗನ್ ಕಾರ್ಖಾನೆಯ ಹತ್ತಿರದ ಬಯಲಿನಲ್ಲಿ ಕಂಪನಿ ತನ್ನದೇ ಕಾರನ್ನು ಅಡ್ಡಗಟ್ಟೆಗೆ ಗುದ್ದಿಸಿ ನೋಡಿತು. ಕಾರನ್ನು ಎಳೆಯಲು ಮೊದಮೊದಲು ಬಳಸಿದ್ದು ಗ್ಲೈಡರುಗಳನ್ನು ಹಾರಿಸುವ ವಿಂಚನ್ನು. 1962ರ ಹೊತ್ತಿಗೆ ಕಾರಿನ ಹಿಂದೆ ಬಿಸಿನೀರಿನ ರಾಕೆಟ್ ಬಂತು: ಒತ್ತಡದಲ್ಲಿ ಕಾಯಿಸಿದ ನೀರು ಆವಿಯಾಗಿ ಚಿಮ್ಮಿ, ಕಾರನ್ನು ಮುಂದಕ್ಕೆ ನೂಕುತ್ತಿತ್ತು. ಸುರುಳಿಯಂಥ ಇಳಿಜಾರು ಹತ್ತಿಸಿ ಕಾರುಗಳನ್ನು ಪಲ್ಟಿ ಹೊಡೆಸಿದ್ದೂ ಉಂಟು.

ಇಷ್ಟಾದರೂ ಲೆಕ್ಕದ ಅರ್ಧ ಬಾಕಿಯೇ ಇತ್ತು. ಕಾರು ನಿಧಾನವಾಗಿ ನಿಂತರೇನು, ಒಳಗಿನ ಮನುಷ್ಯನನ್ನು ಹಿಡಿದು ನಿಲ್ಲಿಸುವವರು ಯಾರು? ಅದಕ್ಕಾಗಿ ಸ್ಟೀರಿಂಗ್ ನಡುವೆ, ಡ್ಯಾಶ್‌ಬೋರ್ಡ್ ಮೇಲೆ ಮೆತ್ತೆ ಹಾಕಿದ್ದರು. ಬೆಲ್ಟು ಬೇಕಾದವರಿಗೆ ಮಾತ್ರ. ಪಶ್ಚಿಮ ಜರ್ಮನಿ ಮುಂದಿನ ಸೀಟಿನವರಿಗೆ ಬೆಲ್ಟ್ ಕಡ್ಡಾಯ ಮಾಡಿದ್ದು 1976ರಲ್ಲಿ. ಕಟ್ಟದವರಿಗೆ ದಂಡ ಹಾಕಲು ಶುರುವಾದದ್ದು 1984ರಲ್ಲಿ. ಬಹುತೇಕ ಎಲ್ಲರೂ ಬೆಲ್ಟಿಗೆ ಕೈ ಹಾಕಿದ್ದು ಆಮೇಲೆಯೇ.